ಸೆನ್ಸರ್ ಹೋಗಿದೆ ಅಂದಾಗ ಮೊದಲು ನೋಡಬೇಕಾದ್ದು

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡರೆ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಗಾಡಿ ಓಡುತ್ತಿದೆಯಲ್ಲ ಎಂದು ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಇಲ್ಲವೇ ವರ್ಕ್‌ಶಾಪಿಗೆ ಹೋಗಿ, ‘ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಎರಡನ್ನೂ ಹಾಕಿಬಿಡೋಣ’ ಎಂಬ ಮಾತಿಗೆ ಹೂಂಗುಟ್ಟಿ ದುಡ್ಡು ಕಟ್ಟಿ ಬರುತ್ತಾರೆ. ಹಾಗೆ ಕಟ್ಟಿ ಬಂದ ಮೇಲೂ ವಾರದೊಳಗೆ ದೀಪ ಮತ್ತೆ ಹೊತ್ತಿತು ಎಂದು ಹೇಳಿಕೊಳ್ಳುವವರು ಕಡಿಮೆಯಿಲ್ಲ. ಅವರಲ್ಲಿ ಬಾಡಿಗೆ ಕಾರು ಓಡಿಸಿ ದಿನದ ಸಂಪಾದನೆಯಲ್ಲಿ ಬದುಕುವವರೂ ಇದ್ದಾರೆ. ಈ ಸೆನ್ಸರನ್ನು ಕಡಿಮೆ ಖರ್ಚಿನಲ್ಲಿ ಬದಲಿಸುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಹೋಗಿರುವುದು ಅದೇನಾ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಅಂಗಡಿಯಲ್ಲಿ ಚೌಕಾಸಿ ಮಾಡಿ ಉಳಿಸುವುದಕ್ಕಿಂತ ಹೆಚ್ಚು ದುಡ್ಡು ಅಲ್ಲಿಯೇ ಉಳಿಯುತ್ತದೆ.

ಈ ಸೆನ್ಸರ್ ಹೆಬ್ಬೆರಳಿನಷ್ಟು ದಪ್ಪದ ಒಂದು ಲೋಹದ ತುಂಡು. ನೋಡಲು ಸ್ಪಾರ್ಕ್ ಪ್ಲಗ್‌ನ ದಾಯಾದಿಯಂತಿರುತ್ತದೆ, ಬಾಲದಲ್ಲಿ ವೈರುಗಳು. ಎಂಜಿನ್‌ನಿಂದ ಹೊಗೆ ಹೊರಬರುವ ಪೈಪಿಗೆ ಇದನ್ನು ತಿರುಗಿಸಿ ಕೂರಿಸಿರುತ್ತಾರೆ. ತುದಿಯೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿ ಇರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಆಕ್ಸಿಜನ್ ಅಯಾನುಗಳು ಅದರ ಮೂಲಕ ಹರಿಯತೊಡಗುತ್ತವೆ. ಪಿಂಗಾಣಿಯ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡೂ ಕಡೆಯ ಆಕ್ಸಿಜನ್‌ನ ಅಂತರಕ್ಕೆ ತಕ್ಕಂತೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಉಳಿದಿಲ್ಲ, ಅಂದರೆ ಪೆಟ್ರೋಲ್ ಹೆಚ್ಚಾಗಿದೆ ಎಂದಾದರೆ 0.8, 0.9 ವೋಲ್ಟ್. ಆಕ್ಸಿಜನ್ ಹೆಚ್ಚು ಉಳಿದಿದ್ದರೆ 0.1 ವೋಲ್ಟ್. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಎಂ, ಈ ಸುದ್ದಿ ಕೇಳಿ ಇಂಜೆಕ್ಟರ್‌ಗಳು ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುತ್ತದೆ. ಅಡುಗೆ ಮಾಡುವವರು ಸಾರಿನ ರುಚಿ ನೋಡಿ ಉಪ್ಪು ಹೊಂದಿಸುವ ಹಾಗೆ ಈ ಕೆಲಸ ಕ್ಷಣಕ್ಷಣವೂ ನಡೆಯುತ್ತಿರುತ್ತದೆ. ಶುದ್ಧ ಪೆಟ್ರೋಲಿಗೆ ಬೇಕಾದ ಹದ ಒಂದು ಪಾಲು ಇಂಧನಕ್ಕೆ ತೂಕದಲ್ಲಿ 14.7 ಪಾಲು ಗಾಳಿ.

ಈ ಸೆನ್ಸರನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜರ್ಮನಿಯ ಬಾಷ್ ಕಂಪನಿ. ಬೆಂಗಳೂರಿನ ಆಡುಗೋಡಿಯಲ್ಲಿ ಬಹುಕಾಲ ಮೈಕೋ ಎಂಬ ಹೆಸರಿನಲ್ಲಿ ನಮಗೆ ಪರಿಚಿತವಾಗಿದ್ದ ಸಂಸ್ಥೆ ಅದರದೇ ಬಳಗ. 1976ರಲ್ಲಿ ಅಮೆರಿಕಕ್ಕೆ ಹೋಗುವ ವೋಲ್ವೊ ಕಾರುಗಳಲ್ಲಿ ಲ್ಯಾಂಬ್ಡಾ ಸೆನ್ಸರ್ ಎಂಬ ಹೆಸರಿನಲ್ಲಿ ಇದು ಬಂತು. ಕ್ಯಾಲಿಫೋರ್ನಿಯಾದ ಹೊಗೆ ನಿಯಮಗಳು ಅಷ್ಟು ಬಿಗಿಯಾಗಿದ್ದವು. ನಮ್ಮಲ್ಲಿ ಪೆಟ್ರೋಲಿನಿಂದ ಸೀಸ ತೆಗೆದು, ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದ ಮೇಲೆ ಇದು ಮನೆಮಾತಾಯಿತು. ಸೀಸ ಈ ಪಿಂಗಾಣಿಗೂ ವಿಷ, ಅದರ ನಂತರ ಬರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ವಿಷ. ಈಗಿನ ಕಾರುಗಳಲ್ಲಿ ಕನಿಷ್ಠ ಎರಡು ಸೆನ್ಸರ್ ಇರುತ್ತವೆ. ಕನ್ವರ್ಟರ್‌ಗಿಂತ ಮೊದಲಿನದು, ಅಂದರೆ ಮುಂದಿನ ಸೆನ್ಸರ್, ಪೆಟ್ರೋಲಿನ ಹದ ಹೇಳುತ್ತದೆ. ನಂತರದ್ದರ, ಅಂದರೆ ಹಿಂದಿನ ಸೆನ್ಸರ್‌ನ, ಮುಖ್ಯ ಕೆಲಸ ಕನ್ವರ್ಟರ್ ಸರಿಯಾಗಿದೆಯೇ ಎಂದು ಕಾಯುವುದು. ಇದು ನೆನಪಿರಲಿ. ಮೈಲೇಜ್ ಬಿದ್ದಿದೆ ಎಂದು ಹಿಂದಿನ ಸೆನ್ಸರ್ ಬದಲಿಸಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಸೆನ್ಸರ್ ಎರಡಿವೆ ಎಂಬ ಕಾರಣಕ್ಕೆ ಎರಡನ್ನೂ ಒಟ್ಟಿಗೆ ಹಾಕಿಸುವ ಅಗತ್ಯವೂ ಇಲ್ಲ. ಯಾವುದು ಹೋಗಿದೆಯೋ ಅದೊಂದೇ ಸಾಕು.

ಯಾವುದು ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಸುಮಾರು 2010ರ ಈಚಿನ ಬಹುತೇಕ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, ಹದಿನಾರು ರಂಧ್ರಗಳ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಡಾಂಗಲ್ ಕೆಲವು ನೂರು ರೂಪಾಯಿಗಳಿಂದ ಸಿಗುತ್ತದೆ. ಮೊಬೈಲ್‌ನಲ್ಲಿ ಒಂದು ಉಚಿತ ಆಪ್ ಹಾಕಿಕೊಂಡರೆ ಇಸಿಎಂ ಬರೆದಿಟ್ಟ ಕೋಡ್ ಕಾಣುತ್ತದೆ. ಒಂದು ಅಪಾರ್ಟ್‌ಮೆಂಟಿನವರೋ ಒಂದು ಸ್ಟ್ಯಾಂಡಿನ ಚಾಲಕರೋ ಸೇರಿ ಒಂದನ್ನು ಕೊಂಡರೂ ಎಲ್ಲರಿಗೂ ಆಗುತ್ತದೆ.

ಕೋಡ್ ಓದುವುದರಲ್ಲಿಯೇ ಜನ ಮೋಸಹೋಗುತ್ತಾರೆ. ಪಿ0135 ಎಂದರೆ ಮುಂದಿನ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ, ಪಿ0141 ಎಂದರೆ ಹಿಂದಿನದರಲ್ಲಿ. ಪಿಂಗಾಣಿ ಬೇಗ ಕಾಯಲಿ ಎಂದು ಒಳಗೊಂದು ಹೀಟರ್ ಇರುತ್ತದೆ, ಅದರ ವಿಷಯ ಇದು. ಪಿ0133 ಎಂದರೆ ಮುಂದಿನ ಸೆನ್ಸರ್ ನಿಧಾನವಾಗಿದೆ. ಈ ಮೂರೂ ಸೆನ್ಸರ್ ಕಡೆಗೆ ಬೊಟ್ಟು ಮಾಡುತ್ತವೆ. ಆದರೆ ಪಿ0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಪಿ0172 ಎಂದರೆ ಹೆಚ್ಚು ಎಂದಷ್ಟೇ ಅರ್ಥ. ಅದನ್ನು ಕಂಡುಹಿಡಿದು ಹೇಳಿದ್ದೇ ಸೆನ್ಸರ್. ಹೆಚ್ಚಿನ ಸಲ ಅದು ಸರಿಯಾಗಿಯೇ ಹೇಳಿರುತ್ತದೆ. ಇನ್ನು ಪಿ0420, ಕನ್ವರ್ಟರ್‌ನ ಶಕ್ತಿ ಕುಂದಿದೆ ಎಂಬ ಕೋಡ್. ಇದು ಬಂದಾಗ ಹಿಂದಿನ ಸೆನ್ಸರ್ ಬದಲಿಸಿ ‘ನೋಡೋಣ’ ಎನ್ನುವುದು ನಮ್ಮ ವರ್ಕ್‌ಶಾಪ್‌ಗಳಲ್ಲಿ ರೂಢಿಯಾಗಿಬಿಟ್ಟಿದೆ. ಇದನ್ನು ನಾನು ಒಪ್ಪುವುದಿಲ್ಲ. ಗಿರಾಕಿಯ ದುಡ್ಡಿನಲ್ಲಿ ಪ್ರಯೋಗ ಮಾಡುವ ಮೊದಲು ಪರೀಕ್ಷೆ ಮಾಡಬೇಕು.

ಹೀಟರ್ ಕೋಡ್ ಬಂದಿದ್ದರೆ ಮೊದಲು ಫ್ಯೂಸ್ ನೋಡಿ. ಹೀಟರ್‌ಗೆ ಕರೆಂಟ್ ಒಂದು ಫ್ಯೂಸ್ ಮೂಲಕ ಬರುತ್ತದೆ. ಅದು ಸುಟ್ಟಿದ್ದರೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಕೆಲಸ ಮುಗಿಯಬಹುದು. ಫ್ಯೂಸ್ ಸರಿಯಿದ್ದರೆ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಸೆನ್ಸರ್ ಕಡೆಯ ಒಂದೇ ಬಣ್ಣದ ಎರಡು ವೈರುಗಳ ನಡುವೆ ಅಳೆಯಿರಿ. ಸಾಮಾನ್ಯ ನಾಲ್ಕು ವೈರಿನ ಸೆನ್ಸರ್‌ಗಳಲ್ಲಿ ಒಂದೇ ಬಣ್ಣದ ಜೋಡಿ ಹೀಟರ್‌ನದು. ಬಾಷ್‌ನಲ್ಲಿ ಎರಡು ಬಿಳಿ, ಡೆನ್ಸೊದಲ್ಲಿ ಹೆಚ್ಚಾಗಿ ಎರಡು ಕಪ್ಪು. ತಣ್ಣಗಿರುವಾಗ ಕೆಲವು ಓಮ್‌ನಿಂದ ಹದಿನೈದರ ಆಸುಪಾಸಿನವರೆಗೆ ತೋರಿಸಿದರೆ ಹೀಟರ್ ಬದುಕಿದೆ, ತೊಂದರೆ ವೈರಿಂಗ್‌ನಲ್ಲಿದೆ. ಮೀಟರ್ ಅಲ್ಲಾಡದೆ ಅನಂತ ತೋರಿಸಿದರೆ ಹೀಟರ್ ಒಳಗೇ ಕಡಿದುಹೋಗಿದೆ. ಆಗ ಸೆನ್ಸರ್ ಬದಲಿಸದೆ ವಿಧಿಯಿಲ್ಲ.

ತುಮಕೂರಿನ ಹೊರವಲಯದ ಒಂದು ಸಣ್ಣ ಗ್ಯಾರೇಜಿನಲ್ಲಿ ನೋಡಿದ್ದು ಇಲ್ಲಿ ಹೇಳಬೇಕು. ಅಡಿಕೆ ತೋಟದ ಮನೆಯ ಕಾರು, ಬೇರೆ ಕಡೆ ‘ಸೆನ್ಸರ್ ಹೋಗಿದೆ’ ಎಂದು ಹೇಳಿಸಿಕೊಂಡು ಬಂದಿತ್ತು. ಮೇಸ್ತ್ರಿ ಬಾನೆಟ್ ಎತ್ತಿ ಸ್ಕ್ಯಾನರ್ ಕಡೆ ಕೈಹಾಕಲೇ ಇಲ್ಲ. ಟಾರ್ಚ್ ಹಿಡಿದು ವೈರು ಹೋದ ದಾರಿಯನ್ನು ಬೆರಳಿನಲ್ಲಿ ಸವರುತ್ತ ಹೋದರು. ಬ್ಯಾಟರಿ ಟ್ರೇ ಹಿಂದೆ ಕೈ ನಿಂತಿತು. ಹೊದಿಕೆಯ ಪೈಪ್ ಪುಡಿಪುಡಿ, ಒಳಗೆ ಒಂದು ವೈರು ತಾಮ್ರ ಕಾಣುವಂತೆ ಕಡಿದಿತ್ತು, ಪಕ್ಕದಲ್ಲಿ ಹಿಕ್ಕೆ. ‘ಸೆನ್ಸರ್ ಅಲ್ಲ ಅಣ್ಣ, ಇಲಿ’ ಎಂದು ಮಾಲೀಕರಿಗೆ ತೋರಿಸಿದರು. ತೋಟದ ಮನೆಗಳಲ್ಲಿ, ವಾರಗಟ್ಟಲೆ ನಿಂತೇ ಇರುವ ಕಾರುಗಳಲ್ಲಿ ಇದು ಅಪರೂಪವಲ್ಲ. ಕರಾವಳಿಯಲ್ಲಾದರೆ ಇಲಿಯ ಜೊತೆಗೆ ಉಪ್ಪುಗಾಳಿಯೂ ಸೇರಿ ಕನೆಕ್ಟರ್‌ನ ಪಿನ್‌ಗಳು ಹಸಿರುಗಟ್ಟಿರುತ್ತವೆ. ಕಣ್ಣಿನಿಂದ ನೋಡುವ ಪರೀಕ್ಷೆಗೆ ಖರ್ಚಿಲ್ಲ. ಮೊದಲು ಮಾಡಬೇಕಾದ್ದೂ ಅದೇ.

ವೈರು ಸರಿಯಿದ್ದರೆ ಸೆನ್ಸರ್ ಜೀವಂತವಿದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಆಪ್‌ನಲ್ಲಿ ಮುಂದಿನ ಸೆನ್ಸರ್‌ನ ವೋಲ್ಟೇಜ್ ತೆರೆದು, ಆಕ್ಸಿಲರೇಟರ್ ಒತ್ತಿ ಎರಡು ಸಾವಿರ ಆರ್‌ಪಿಎಂ ಹತ್ತಿರ ಹಿಡಿಯಿರಿ. ಒಳ್ಳೆಯ ಸೆನ್ಸರ್ ಸುಮ್ಮನಿರುವುದಿಲ್ಲ. 0.1ರಿಂದ 0.9ರವರೆಗೆ ಮೇಲೆ ಕೆಳಗೆ ಜಿಗಿಯುತ್ತಲೇ ಇರುತ್ತದೆ. ಒಮ್ಮೆ ಆಕ್ಸಿಲರೇಟರ್ ಜೋರಾಗಿ ತುಳಿದರೆ 0.8ಕ್ಕಿಂತ ಮೇಲೇರಬೇಕು, ತಟ್ಟನೆ ಬಿಟ್ಟರೆ ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ಎರಡನ್ನೂ ಚುರುಕಾಗಿ ಮಾಡುವ ಸೆನ್ಸರನ್ನು ಬಿಚ್ಚಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. 0.45ರ ಆಸುಪಾಸು ಕದಲದೆ ನಿಂತರೆ, ಇಲ್ಲವೇ ಏರಿಳಿಯಲು ತಡವರಿಸಿದರೆ ಅನುಮಾನ ನ್ಯಾಯವೇ. ಹಿಂದಿನ ಸೆನ್ಸರ್‌ನ ಲೆಕ್ಕ ಇದಕ್ಕೆ ತಿರುವುಮುರುವು. ಕನ್ವರ್ಟರ್ ಚೆನ್ನಾಗಿದ್ದರೆ ಅದು 0.6, 0.7ರ ಸುತ್ತ ಹೆಚ್ಚು ಅಲ್ಲಾಡದೆ ಇರಬೇಕು. ಅದೂ ಮುಂದಿನದರಂತೆ ಜಿಗಿಯುತ್ತಿದ್ದರೆ ದಣಿದಿರುವುದು ಬಹುಶಃ ಕನ್ವರ್ಟರ್. ಕೆಲವು ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಜಾತಿಯ ಸೆನ್ಸರ್ ಆಗಿರುತ್ತದೆ. ಅದಕ್ಕೆ ಈ ವೋಲ್ಟೇಜ್ ಲೆಕ್ಕ ಹೊಂದುವುದಿಲ್ಲ, ಆಪ್‌ನಲ್ಲಿ ಲ್ಯಾಂಬ್ಡಾ ಎಂಬ ಹದದ ಅಂಕಿ 1ರ ಆಸುಪಾಸು ಇದೆಯೇ ಎಂದು ನೋಡಬೇಕು.

ಅದೇ ಆಪ್‌ನಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಎರಡು ಅಂಕಿಗಳಿರುತ್ತವೆ, ಒಂದು ತಾತ್ಕಾಲಿಕ, ಒಂದು ದೀರ್ಘಕಾಲದ್ದು. ಇಸಿಎಂ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬುದು ಅದರ ಅರ್ಥ. ಆ ಕಡೆ ಈ ಕಡೆ ಹತ್ತರೊಳಗಿದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಇಪ್ಪತ್ತರ ಹತ್ತಿರ ಹೋಗಿ, ಆಕ್ಸಿಲರೇಟರ್ ಒತ್ತಿದಾಗ ಇಳಿದರೆ ಎಲ್ಲೋ ಒಂದು ವ್ಯಾಕ್ಯೂಮ್ ಪೈಪ್ ಬಿರಿದು ಲೆಕ್ಕಕ್ಕಿಲ್ಲದ ಗಾಳಿ ಒಳಹೋಗುತ್ತಿದೆ. ವೇಗ ಹೆಚ್ಚಿದಂತೆ ಟ್ರಿಮ್ ಏರುತ್ತ ಹೋದರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ, ಫಿಲ್ಟರ್ ಕಟ್ಟಿಕೊಂಡಿರಬಹುದು, ಪಂಪ್ ಸೋತಿರಬಹುದು. ಸೆನ್ಸರ್ ಬದಲಿಸಿದರೆ ಇವು ಯಾವುವೂ ಸರಿಹೋಗುವುದಿಲ್ಲ. ಇನ್ನೊಂದು ಕಳ್ಳ ಕಾರಣ ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್ ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುವುದು. ಹೊಗೆ ಹೊರಗೆ ಹೋಗುವ ಜಾಗದಲ್ಲಿಯೇ ಗಾಳಿ ಒಳಗೂ ಬರುತ್ತದೆ. ಸೆನ್ಸರ್ ಆಕ್ಸಿಜನ್ ಹೆಚ್ಚಿದೆ ಎನ್ನುತ್ತದೆ, ಇಸಿಎಂ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಕುಸಿಯುತ್ತದೆ. ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಟಿಕ್ ಟಿಕ್ ಸದ್ದು, ಜೋಡಣೆಯ ಸುತ್ತ ಮಸಿ ಕಂಡರೆ ಮೊದಲು ಅದನ್ನು ಸರಿಮಾಡಿಸಿ.

ಎಮಿಷನ್ ಟೆಸ್ಟ್ ಚೀಟಿಯನ್ನು ಗ್ಲೋವ್ ಬಾಕ್ಸ್‌ನಲ್ಲಿಟ್ಟು ಮರೆಯುವ ನಾವು ಅದನ್ನೂ ಒಮ್ಮೆ ಓದಬಹುದು. ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್‌ನ ಮಿತಿ ಶೇ. 0.3. ಹಿಂದಿನ ಚೀಟಿಗಳಲ್ಲಿ ತೀರಾ ಕಡಿಮೆಯಿದ್ದ ಅಂಕಿ ಈ ಸಲ ಮಿತಿಯ ಅಂಚಿಗೆ ಬಂದಿದ್ದರೆ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಅಗ್ಗದ ಸುಳಿವು ಬೇರೊಂದಿಲ್ಲ. ಟೆಸ್ಟ್ ನಿಜವಾಗಿ ಮಾಡಿದ್ದರೆ ಮಾತ್ರ ಎಂಬುದನ್ನು ಸೇರಿಸಬೇಕು. ಪೈಪಿನೊಳಗೆ ಕೊಳವೆ ಹಾಕದೆ ಚೀಟಿ ಕೊಡುವವರಿದ್ದರೆ, ಹಾಕಿ ಎಂದು ಕೇಳುವುದು ನಮ್ಮ ಹಕ್ಕು.

ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ, ಮೊದಲು ಪರೀಕ್ಷೆ ಮಾಡಿ ಎಂಬ ಮಾತಿಗೆ ಇನ್ನೂ ತೂಕ ಬಂದಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಅದಕ್ಕೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದೇ ಅದು. ಎಥೆನಾಲ್‌ನ ಅಣುವಿನಲ್ಲಿಯೇ ಆಕ್ಸಿಜನ್ ಇರುವುದರಿಂದ 14.7ರ ಹದ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಇ20ಗೆಂದೇ ಹೊಂದಿಸದ ಹಳೆಯ ಕಾರುಗಳಲ್ಲಿ ಈ ವ್ಯತ್ಯಾಸ ಕಂಡುಹಿಡಿದು ಇಸಿಎಂಗೆ ತಿಳಿಸುವುದು ಮುಂದಿನ ಸೆನ್ಸರ್. ಅಂಥ ಕಾರಿನಲ್ಲಿ ಟ್ರಿಮ್ ಸ್ವಲ್ಪ ಮೇಲಿರುವುದು ಸಹಜ, ಅದನ್ನೇ ರೋಗ ಎಂದುಕೊಳ್ಳಬಾರದು. ಹಾಗೆಯೇ, ಇಂಥ ಕಾರಿನಲ್ಲಿ ಮಂಕಾದ ಸೆನ್ಸರ್ ಇಟ್ಟುಕೊಂಡು ಓಡಿಸುವುದೂ ಒಳ್ಳೆಯದಲ್ಲ.

ಹಾಗಾದರೆ ನಿಜವಾಗಿ ಹೋಗಿದೆ ಎಂದಾದಾಗ? ಹೀಟರ್ ಇರುವ ಸೆನ್ಸರ್‌ಗಳು ಲಕ್ಷ ಕಿಲೋಮೀಟರ್ ದಾಟಿ, ಒಂದೂವರೆ ಲಕ್ಷದವರೆಗೂ ಬಾಳುತ್ತವೆ. ಅಷ್ಟು ಓಡಿದ ಕಾರಿನಲ್ಲಿ ಸೆನ್ಸರ್ ಸೋತರೆ ಅದಕ್ಕೆ ನ್ಯಾಯವಾದ ನಿವೃತ್ತಿ. ಆಗ ಮುಂದೂಡಬೇಡಿ. ಸದಾ ಪೆಟ್ರೋಲ್ ಹೆಚ್ಚಾಗಿ ಓಡುವ ಎಂಜಿನ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಕೆಡಿಸುತ್ತದೆ. ಅದರೊಳಗಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಅದರ ಬೆಲೆಯ ಮುಂದೆ ಸೆನ್ಸರ್‌ನ ಬೆಲೆ ಏನೂ ಅಲ್ಲ.

ಕೊಳ್ಳುವಾಗ ಗೊತ್ತಿರಬೇಕಾದ್ದು, ಕಾರು ಕಂಪನಿಗಳು ಸಾಮಾನ್ಯವಾಗಿ ಸೆನ್ಸರ್ ಮಾಡುವುದಿಲ್ಲ. ಬಾಷ್, ಡೆನ್ಸೊ, ಎನ್‌ಟಿಕೆ, ಡೆಲ್ಫಿ ಮುಂತಾದವರು ಮಾಡಿಕೊಡುತ್ತಾರೆ. ಅದೇ ಸೆನ್ಸರ್ ಕಾರು ಕಂಪನಿಯ ಡಬ್ಬದಲ್ಲಿ ಒಂದು ಬೆಲೆಗೆ, ತಯಾರಕರ ಡಬ್ಬದಲ್ಲಿ ಹೆಚ್ಚಾಗಿ ಅದಕ್ಕಿಂತ ಕಡಿಮೆಗೆ ಸಿಗುತ್ತದೆ. ಹಾಗಾಗಿ ಹಳೆಯ ಸೆನ್ಸರ್‌ನ ಮೈಮೇಲೆ ಕೊರೆದ ನಂಬರ್ ಓದಿಕೊಳ್ಳಿ. ಬಟ್ಟೆಯಿಂದ ಒರೆಸಿ ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಕಾಣುತ್ತದೆ. ಬಾಷ್‌ನದಾದರೆ 0258ರಿಂದ ಶುರುವಾಗುವ ಹತ್ತು ಅಂಕಿಗಳು. ಆ ನಂಬರ್ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮ ಊರಿನ ನಂಬಿಕೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ ಎರಡು ಮೂರು ಕಡೆ ಬೆಲೆ ಕೇಳಿ, ಆನ್‌ಲೈನ್ ಬೆಲೆಯೊಂದಿಗೆ ಹೋಲಿಸಿ. ‘ಇಂಥ ಕಾರಿನ ಸೆನ್ಸರ್ ಕೊಡಿ’ ಎಂದು ಕೇಳಿದರೆ ಸಾಲದು. ಒಂದೇ ಮಾಡೆಲ್‌ನಲ್ಲಿ ವರ್ಷ ಬದಲಾದಂತೆ ಸೆನ್ಸರ್ ಬದಲಾಗಿರುತ್ತದೆ. ವೈರುಗಳನ್ನು ಎಣಿಸಿ ಹೊಂದಿಸುವುದೂ ತಪ್ಪು. ನಾಲ್ಕು ವೈರಿನ ವೈಡ್‌ಬ್ಯಾಂಡ್ ಸೆನ್ಸರ್‌ಗಳೂ ಇವೆ, ಅವುಗಳ ಜಾಗದಲ್ಲಿ ಸಾಮಾನ್ಯ ಸೆನ್ಸರ್ ಕೆಲಸ ಮಾಡುವುದಿಲ್ಲ.

ಹೆಸರಿಲ್ಲದ ಡಬ್ಬದ ಮಾಲನ್ನು ನಾನು ಯಾರಿಗೂ ಹೇಳುವುದಿಲ್ಲ. ಪ್ಲಗ್ ಹೊಂದಿಕೊಳ್ಳುತ್ತದೆ, ದೀಪವೂ ಆರುತ್ತದೆ, ಆದರೆ ಹೀಟರ್ ಎಷ್ಟು ದಿನ, ಪ್ರತಿಕ್ರಿಯೆ ಎಷ್ಟು ಚುರುಕು ಎಂಬುದಕ್ಕೆ ಹೊಣೆ ಯಾರೂ ಇಲ್ಲ. ಗುಜರಿಯ ಹಳೆಯ ಸೆನ್ಸರ್ ಕೂಡ ಬೇಡ. ಬಾಗಿಲು, ಬಂಪರ್, ಹೆಡ್‌ಲೈಟ್‌ಗೆ ಶಿವಾಜಿನಗರದ ಗುಜರಿ ಬಹಳ ಜನರಿಗೆ ಆಸರೆಯಾಗಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಎಷ್ಟು ಓಡಿದೆ ಎಂದು ಹೊರಗಿನಿಂದ ಕಾಣದ, ಒಮ್ಮೆ ನೆಲಕ್ಕೆ ಬಿದ್ದರೂ ಒಳಗಿನ ಪಿಂಗಾಣಿ ಬಿರಿಯಬಹುದಾದ ಭಾಗವನ್ನು ಹಾಗೆ ಕೊಳ್ಳುವುದು ಜೂಜು. ಹಳೆಯದನ್ನೇ ವೈರ್ ಬ್ರಷ್‌ನಿಂದ ಉಜ್ಜಿ, ಪೆಟ್ರೋಲ್‌ನಲ್ಲಿ ಅದ್ದಿ ಮತ್ತೆ ಹಾಕುವ ಅಭ್ಯಾಸವೂ ಇದೆ. ಮಸಿ ಹೋಗಬಹುದು, ಸವೆದ ಸೆನ್ಸರ್ ಹೊಸದಾಗುವುದಿಲ್ಲ.

ದುಡ್ಡು ಉಳಿಸಲು ಒಂದು ನಡುದಾರಿ ಇದೆ, ಯೂನಿವರ್ಸಲ್ ಸೆನ್ಸರ್. ಒಳ್ಳೆಯ ಕಂಪನಿಯದೇ, ಆದರೆ ಪ್ಲಗ್ ಇರುವುದಿಲ್ಲ. ನಿಮ್ಮ ಹಳೆಯ ಸೆನ್ಸರ್‌ನ ಪ್ಲಗ್ ಕತ್ತರಿಸಿ ಹೊಸದರ ವೈರಿಗೆ ಸೇರಿಸಬೇಕು. ಕಂಪನಿಯ ಪಟ್ಟಿಯಲ್ಲಿ ನಿಮ್ಮ ಕಾರು ಇದ್ದರೆ ಇದು ಒಳ್ಳೆಯ ಆಯ್ಕೆ. ಇಲ್ಲಿ ಎಲೆಕ್ಟ್ರಿಷಿಯನ್‌ಗಳು ಮಾಡುವ ತಪ್ಪು, ವೈರುಗಳನ್ನು ಬೆಸುಗೆ ಹಾಕುವುದು. ಅನೇಕ ಸೆನ್ಸರ್‌ಗಳು ಹೊರಗಿನ ಗಾಳಿಯನ್ನು ಪಡೆಯುವುದೇ ವೈರಿನ ಎಳೆಗಳ ನಡುವಿನ ಸಂದಿಯಿಂದ. ಬೆಸುಗೆಯ ಸೀಸ, ಕನೆಕ್ಟರ್‌ಗೆ ಬಳಿದ ಗ್ರೀಸ್ ಆ ದಾರಿಯನ್ನು ಮುಚ್ಚಿಬಿಡುತ್ತದೆ. ಜೊತೆಗೆ ಕೊಟ್ಟಿರುವ ಕ್ರಿಂಪ್ ಜೋಡಣೆಯನ್ನೇ ಬಳಸಿ, ಕಂಪನಿ ಕೊಟ್ಟ ಬಣ್ಣದ ಪಟ್ಟಿ ನೋಡಿ ಸೇರಿಸಿ ಎಂದು ಹೇಳಿ. ಆಗ ಪಕ್ಕದಲ್ಲಿ ನಿಂತುಕೊಂಡೇ ಇರಿ.

ಬಿಚ್ಚುವ ಕೆಲಸ ಕಷ್ಟವೇನಲ್ಲ, ಆದರೆ ಅವಸರ ಸಲ್ಲದು. ವರ್ಷಗಟ್ಟಲೆ ಕಾದು ತಣಿದ ಥ್ರೆಡ್ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಬೇಕು. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ, ಕೈ ಸುಡದಂತೆ ಗ್ಲೋವ್ಸ್ ಹಾಕಿಕೊಂಡು ಬಿಚ್ಚಬೇಕು. ಪಾನಾ 22ರದ್ದು. ವೈರು ದಾಟಿಸಲು ಸೀಳಿರುವ ಸಾಕೆಟ್ ಇದ್ದರೆ ಸಲೀಸು. ಇಲ್ಲದಿದ್ದರೆ, ಹೇಗೂ ಎಸೆಯುವ ಸೆನ್ಸರ್ ಆದ್ದರಿಂದ ವೈರು ಕತ್ತರಿಸಿ 22ರ ರಿಂಗ್ ಪಾನಾ ಹಾಕಿದರಾಯಿತು. ಯೂನಿವರ್ಸಲ್‌ಗೆ ಪ್ಲಗ್ ಬೇಕಿದ್ದರೆ ಮಾತ್ರ ವೈರಿನ ಉದ್ದ ಬಿಟ್ಟು ಕತ್ತರಿಸಿ. ಬಲ ಹಾಕಿ ಮ್ಯಾನಿಫೋಲ್ಡ್‌ನ ಥ್ರೆಡ್ ಕೆಡಿಸಿಕೊಂಡರೆ ಉಳಿಸಿದ್ದೆಲ್ಲ ಲೇತ್ ಮೇಸ್ತ್ರಿಗೆ ಹೋಗುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಮಂಗಳೂರು, ಉಡುಪಿ ಕಡೆಯ ಹಳೆಯ ಕಾರುಗಳಲ್ಲಿ ಈ ಕೆಲಸವನ್ನು ಅನುಭವಸ್ಥರಿಗೇ ಬಿಡುವುದು ಮೇಲು. ಹೊಸ ಸೆನ್ಸರ್‌ನ ಥ್ರೆಡ್‌ಗೆ ಕಂಪನಿಯೇ ಒಂದು ಬೂದು ಲೇಪ ಹಚ್ಚಿರುತ್ತದೆ, ಅದನ್ನು ಒರೆಸಬಾರದು, ತುದಿಗೆ ತಾಗಿಸಲೂಬಾರದು. ಕೈಯಲ್ಲಿ ಪೂರ್ತಿ ತಿರುಗಿಸಿದ ಮೇಲೆ ಪಾನಾ ಹಿಡಿಯಬೇಕು. ಬಿಗಿ ಸುಮಾರು 40ರಿಂದ 50 ನ್ಯೂಟನ್ ಮೀಟರ್. ವೈರು ಬಿಸಿ ಪೈಪಿಗೆ ತಾಗದಂತೆ ಮೊದಲಿದ್ದ ಕ್ಲಿಪ್‌ಗಳಲ್ಲಿಯೇ ಕೂರಿಸಿ. ಆಮೇಲೆ ಕೋಡ್ ಅಳಿಸಿ, ಊರೊಳಗೂ ಹೆದ್ದಾರಿಯಲ್ಲೂ ಸ್ವಲ್ಪ ಓಡಿಸಿ, ಟ್ರಿಮ್ ಮತ್ತೆ ಹತ್ತರೊಳಗೆ ಬಂದಿದೆಯೇ ನೋಡಿ.

ಕನ್ವರ್ಟರ್ ಸೋತಾಗ ಹಿಂದಿನ ಸೆನ್ಸರ್‌ಗೆ ಒಂದು ಉದ್ದನೆಯ ನಟ್ ಹಾಕಿ ಹೊಗೆಯಿಂದ ದೂರ ಎತ್ತಿ ದೀಪ ಆರಿಸಿಕೊಡುವವರಿದ್ದಾರೆ. ಅಗ್ಗ ಎಂದು ಅದಕ್ಕೆ ಒಪ್ಪಬೇಡಿ. ದೀಪ ಆರಿದರೂ ವಿಷದ ಹೊಗೆ ಮೊದಲಿನಷ್ಟೇ ಹೊರಬರುತ್ತದೆ, ಸಿಗ್ನಲ್‌ನಲ್ಲಿ ಹಿಂದೆ ನಿಂತ ಸ್ಕೂಟರಿನವರು ಅದನ್ನು ಉಸಿರಾಡುತ್ತಾರೆ.

ಕೆಲಸ ಮುಗಿದ ಮೇಲೆ ಹಳೆಯ ಸೆನ್ಸರ್ ಕೇಳಿ ಪಡೆಯಿರಿ. ಬದಲಿಸಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗುವುದರ ಜೊತೆಗೆ, ತುದಿಯ ಬಣ್ಣ ಎಂಜಿನ್‌ನ ಆರೋಗ್ಯವನ್ನೂ ಹೇಳುತ್ತದೆ. ತೆಳು ಬೂದು ಅಥವಾ ಕಂದು ಇದ್ದರೆ ವಯಸ್ಸಾಗಿ ಹೋಗಿದೆ. ದಪ್ಪ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಬರುತ್ತಿದೆ, ಇಂಜೆಕ್ಟರ್ ಸೋರುತ್ತಿರಬಹುದು. ಎಣ್ಣೆ ಸುಟ್ಟ ಗಾಢ ಕಂದು ಇದ್ದರೆ ಎಂಜಿನ್ ಆಯಿಲ್ ಎಷ್ಟು ಕಡಿಮೆಯಾಗುತ್ತಿದೆ ಎಂದು ಅಳೆಯಿರಿ. ಬಿಳಿ ಪುಡಿ ಕೂತಿದ್ದರೆ ಎರಡು ಪ್ರಶ್ನೆ ಕೇಳಬೇಕು: ಇತ್ತೀಚೆಗೆ ಎಂಜಿನ್ ಕೆಲಸದಲ್ಲಿ ಸಾಮಾನ್ಯ ಸಿಲಿಕೋನ್ ಗಮ್ ಬಳಸಿದ್ದಾರೆಯೇ, ಕೂಲೆಂಟ್ ಮಟ್ಟ ಇಳಿಯುತ್ತಿದೆಯೇ. ಎರಡನೆಯದಕ್ಕೆ ಹೌದು ಎಂದಾದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿದ ಮೇಲೆಯೇ ಹೊಸ ಸೆನ್ಸರ್‌ಗೆ ದುಡ್ಡು ಹಾಕಿ. ಇಲ್ಲದಿದ್ದರೆ ಅದರ ತುದಿಯೂ ಕೆಲವೇ ತಿಂಗಳಲ್ಲಿ ಹೀಗೆಯೇ ಬಿಳಿಯಾಗುತ್ತದೆ.